ಮಿಲಿಟರಿ ಮೌಸರ್ ಆಕ್ಷನ್ ತಗೊಂಡು ಬೇಟೆ ರೈಫಲ್ ಮಾಡಿಸಬೇಕು. ಮೂರು ಸಿಕ್ಕಿವೆ, ಯಾವುದು ತಗೊಳ್ಳಲಿ?

ಟೆಕ್ಸಾಸ್_ತಿಮ್ಮ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಸ್ನೇಹಿತರ ಜೊತೆ ಜಿಂಕೆ, ಕಾಡುಹಂದಿ ಬೇಟೆಗೆ ಹೋಗುತ್ತೇನೆ. ಗ್ರೀನ್ ಕಾರ್ಡ್ ಇದೆ, ಕಾನೂನಿನ ಕಡೆಯಿಂದ ತೊಂದರೆ ಇಲ್ಲ. ಈಗ ಇರುವುದು ಅಂಗಡಿಯಲ್ಲಿ ತಗೊಂಡ ಪ್ಲಾಸ್ಟಿಕ್ ಹಿಡಿಯ ರೈಫಲ್. ಚೆನ್ನಾಗಿ ಹೊಡೆಯುತ್ತೆ, ಆದರೆ ಕೈಗೆ ಹಿಡಿದರೆ ಏನೂ ಅನ್ನಿಸಲ್ಲ. ವಾಲ್‌ನಟ್ ಮರದ ಸ್ಟಾಕ್, ಹಳೇ ಮೌಸರ್ 98 ಆಕ್ಷನ್, .30-06 ತೋಟಾದ ನಳಿಗೆ, ಹೀಗೊಂದು ಮಾಡಿಸಬೇಕು ಅಂತ ಆಸೆ.

ಮೊನ್ನೆ ಗನ್ ಶೋದಲ್ಲಿ ಒಬ್ಬ ಅಜ್ಜನ ಮೇಜಿನ ಮೇಲೆ ಮೂರು ಕಂಡವು. ಒಂದು ಯುಗೊಸ್ಲಾವಿಯಾದ ಎಂ48, ಪೂರ್ತಿ ರೈಫಲ್, ತುಕ್ಕು ಹಿಡಿಯದಿರಲಿ ಅಂತ ಬಳಿದ ಗ್ರೀಸ್ ಕೂಡ ಹಾಗೇ ಇದೆ. ಇನ್ನೊಂದು ಟರ್ಕಿಯ 1938, ಬರೀ ಆಕ್ಷನ್. ಮೂರನೆಯದು ಜೆಕ್ ದೇಶದ ವಿ.ಜೆಡ್.24. ಅದನ್ನು ಯಾರೋ ಹಿಂದೆಯೇ ಬೇಟೆ ರೈಫಲ್ ಮಾಡಿದ್ದಾರೆ, ಬೋಲ್ಟ್ ಹಿಡಿ ಬಗ್ಗಿಸಿ ಸ್ಕೋಪ್‌ಗೆ ತೂತು ಕೊರೆದಿದ್ದಾರೆ. ಮರ ಮಾತ್ರ ನೋಡೋಕಾಗಲ್ಲ. ಟರ್ಕಿಯದ್ದು ಎಲ್ಲಕ್ಕಿಂತ ಅಗ್ಗ. ಅಜ್ಜ ಹೇಳೋದು, "ಎಲ್ಲಾ 98 ಒಂದೇ, ಯಾವುದಾದರೂ ತಗೋ" ಅಂತ. ನಿಜವಾ?

ಹಳೇಸರಕು:
ಎಂ48 ಮುಟ್ಟಬೇಡಿ. ದಯವಿಟ್ಟು. ಗ್ರೀಸ್ ಸಮೇತ ಇರೋದನ್ನ ಕತ್ತರಿಸಿದರೆ ನಿಮ್ಮನ್ನ ಯಾರೂ ಕ್ಷಮಿಸಲ್ಲ.

ಲೆಕ್ಕದ_ಪುಸ್ತಕ:
ಮೂರೂ ಬೇಡ. ಅದೇ ದುಡ್ಡಿಗೆ ಅಂಗಡಿಯಲ್ಲಿ ಹೊಸ ರೈಫಲ್, ಮೇಲೊಂದು ಸ್ಕೋಪ್ ಬರುತ್ತೆ. ಆಕ್ಷನ್ ಅಗ್ಗ ಅಂತ ಶುರು ಮಾಡುತ್ತೀರಿ. ಆಮೇಲೆ ನಳಿಗೆ, ಟ್ರಿಗರ್, ಹೊಸ ಸೇಫ್ಟಿ, ಬೋಲ್ಟ್ ಹಿಡಿ, ಸ್ಕೋಪ್ ಬೇಸು, ಸ್ಟಾಕು, ಕೊನೆಗೆ ಲೋಹಕ್ಕೆ ನೀಲಿ-ಕಪ್ಪು ಬಣ್ಣ ಬರಿಸುವ ಬ್ಲೂಯಿಂಗು. ನಳಿಗೆ ಮತ್ತು ಸ್ಟಾಕ್ ಎರಡರಲ್ಲೇ ಹೊಸ ರೈಫಲ್‌ನ ದುಡ್ಡು ಮುಗಿದಿರುತ್ತೆ. ಕೊನೆಗೆ ಮಾರೋಕೆ ಹೋದರೆ ಹಾಕಿದ್ದರಲ್ಲಿ ಅರ್ಧ ಬಂದರೆ ಪುಣ್ಯ.

ಮಂಡ್ಯ_ಇನ್_ಮಿನಸೋಟ:
ಲೆಕ್ಕದ ಅಣ್ಣ, ಅವರು ಮಾರೋಕೆ ಮಾಡಿಸ್ತಾ ಇಲ್ಲ. ಆಸೆಗೆ ಮಾಡಿಸ್ತಾ ಇದ್ದಾರೆ. ನೀವು ಮಗಳ ಮದುವೆಗೂ ರಿಟರ್ನ್ ಎಷ್ಟು ಅಂತ ಕೇಳ್ತೀರಾ?

ಲೆಕ್ಕದ_ಪುಸ್ತಕ:
ಕೇಳಿದ್ದೇನೆ. ಉತ್ತರ ಚೆನ್ನಾಗಿರಲಿಲ್ಲ.

ಲೇತ್_ಮಾಸ್ತರ್:
ತಿಮ್ಮ, ಆ ಅಜ್ಜ ಹೇಳಿದ್ದು ಸುಳ್ಳು. ಎಲ್ಲಾ 98 ಒಂದೇ ಅಲ್ಲ. ನಾನು ಬೆಂಗಳೂರಿನಲ್ಲಿ ಟೂಲ್‌ರೂಮಿನಲ್ಲಿ ಕೆಲಸ ಮಾಡಿದವನು, ಈಗ ಓಹಾಯೋದಲ್ಲಿ ಮಗನ ಮನೆ. ಪಕ್ಕದಲ್ಲಿ ಒಬ್ಬ ಗನ್‌ಸ್ಮಿತ್ ಇದ್ದಾನೆ, ಅವನ ಲೇತ್ ಕೆಟ್ಟಾಗ ನಾನು ಹೋಗುತ್ತೇನೆ. ಹಾಗಾಗಿ ಇವುಗಳ ಸಹವಾಸ ಜಾಸ್ತಿ.

ಮೊದಲು ಉದ್ದ. ನಿಮ್ಮ ಎಂ48 ಆಕ್ಷನ್ ಸಾಮಾನ್ಯ 98ಕ್ಕಿಂತ ಸುಮಾರು ಕಾಲು ಇಂಚು ಗಿಡ್ಡ. ಇದನ್ನ ಇಂಟರ್‌ಮೀಡಿಯೆಟ್ ಅಂತಾರೆ. ಯುಗೊಸ್ಲಾವಿಯಾದ ಎಂ24/47, ಮೆಕ್ಸಿಕೋದ 1910 ಮತ್ತು 1936 ಕೂಡ ಇದೇ ಜಾತಿ. ಅವುಗಳಲ್ಲಿ 7×57, 8×57, .308 ತೋಟಾಗಳು ಆರಾಮಾಗಿ ಕೂರುತ್ತವೆ. .30-06 ತೋಟಾ ಉದ್ದ, ಮ್ಯಾಗಜಿನ್ ಪೆಟ್ಟಿಗೆಗೆ ಹಿಡಿಸಲ್ಲ. ಹಿಡಿಸಬೇಕು ಅಂದರೆ ತೋಟಾ ಹತ್ತಿ ನಳಿಗೆಗೆ ಹೋಗುವ ಮುಂದಿನ ಇಳಿಜಾರನ್ನ ಕೊರೆಯಬೇಕು. ಬೋಲ್ಟನ್ನ ಬೀಗದ ಹಾಗೆ ಹಿಡಿಯುವ ಉಬ್ಬನ್ನ ಲಗ್ಗು ಅಂತಾರೆ, ಕೆಳಗಿನ ಲಗ್ಗಿಗೆ ಆನಿಕೆ ಕೊಡೋದು ಆ ಇಳಿಜಾರಿನ ಉಕ್ಕೇ. ಅಲ್ಲಿ ಉಕ್ಕು ತೆಗೆದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾ?

ಎರಡನೆಯದು ಉಂಗುರ. ರಿಸೀವರಿನ ಮುಂದೆ ನಳಿಗೆ ಕೂರುವ ಉಂಗುರವನ್ನ ಕ್ಯಾಲಿಪರ್‌ನಲ್ಲಿ ಅಳೆಯಿರಿ. 1.410 ಇಂಚು ಬಂದರೆ ದೊಡ್ಡ ಉಂಗುರ, 1.300 ಬಂದರೆ ಸಣ್ಣದು. ಟರ್ಕಿಯ 1938ಗಳಲ್ಲಿ ಬಹಳಷ್ಟು ಸಣ್ಣ ಉಂಗುರ, ಆದರೆ ಒಳಗಿನ ತಿರುಪಿನ ಎಳೆ (ಥ್ರೆಡ್) ದೊಡ್ಡ ಉಂಗುರದ ನಳಿಗೆಯ ಅಳತೆಯದು. ಅಂದರೆ ಗೋಡೆ ತೆಳ್ಳಗೆ. ಕಡಿಮೆ ಒತ್ತಡದ ತೋಟಾಕ್ಕೆ ಪರವಾಗಿಲ್ಲ. .30-06, .270 ಥರದ್ದಕ್ಕೆ ನನ್ನ ಕೈಯಿಂದ ನಾನು ಮಾಡಿಕೊಡಲ್ಲ.

ವಿ.ಜೆಡ್.24 ಬ್ರ್ನೋ ಕಾರ್ಖಾನೆಯದು. ಪೂರ್ತಿ ಉದ್ದ, ದೊಡ್ಡ ಉಂಗುರ, ಯುದ್ಧದ ಅವಸರ ಶುರುವಾಗೋ ಮುಂಚೆ ನಿಧಾನಕ್ಕೆ ಮಾಡಿದ್ದು. ಮೂರರಲ್ಲಿ ಇದೇ.

ಟೆಕ್ಸಾಸ್_ತಿಮ್ಮ:
ಮಾಸ್ತರೇ, ತುಂಬಾ ಥ್ಯಾಂಕ್ಸ್. ಆದರೆ ಅದರಲ್ಲಿ ಬೇರೆಯವರು ಕೊರೆದ ತೂತುಗಳಿವೆಯಲ್ಲ, ಅದೇ ಭಯ.

ಲೇತ್_ಮಾಸ್ತರ್:
ಭಯ ಸರಿಯಾದ ಜಾಗದಲ್ಲಿದೆ. ಆಮೇಲೆ ಬರುತ್ತೇನೆ, ಮೊಮ್ಮಗನನ್ನ ಸ್ಕೂಲಿಗೆ ಬಿಡಬೇಕು.

ಸುಮ್ನೆ_ಓದೋನು:
ಆಕ್ಷನ್ ಅಂದರೆ ಏನು ಅಂತ ಯಾರಾದರೂ ಹೇಳ್ತೀರಾ? ನಾನು ಬೈಕ್ ಮಾಡಿಫಿಕೇಷನ್ ವಿಷಯ ಅಂದುಕೊಂಡು ಒಳಗೆ ಬಂದೆ.

ಶಿರಾ_ಶಿಲ್ಪ:
ನಳಿಗೆ, ಮರ ಎರಡನ್ನೂ ತೆಗೆದರೆ ಉಳಿಯುವುದು. ರಿಸೀವರ್, ಅದರೊಳಗೆ ಓಡಾಡುವ ಬೋಲ್ಟ್, ಕೆಳಗೆ ಟ್ರಿಗರ್ ಮತ್ತು ಮ್ಯಾಗಜಿನ್. ತೋಟಾ ಸಿಡಿಯುವಾಗ ಒತ್ತಡವೆಲ್ಲ ಹಿಂದಕ್ಕೆ ಬರದಂತೆ ತಡೆಯುವುದು ಇದೇ. ಅದಕ್ಕೇ ಇಷ್ಟು ಜಗಳ.

ಮೌಸರ್ 98 ಯಾಕೆ ಅಂತಲೂ ಹೇಳಿಬಿಡುತ್ತೇನೆ. 1898ರಲ್ಲಿ ಜರ್ಮನ್ ಸೈನ್ಯ ತಗೊಂಡ ರೈಫಲ್ ಇದು. ಬೋಲ್ಟಿನ ಮುಂದೆ ಎರಡು ಲಗ್ಗು, ಹಿಂದೆ ಸುರಕ್ಷತೆಗೆ ಮೂರನೆಯದು. ತೋಟಾದ ಹಿಂಬದಿ ಒಡೆದು ಬಿಸಿ ಗಾಳಿ ಹಿಂದೆ ನುಗ್ಗಿದರೆ ಕಣ್ಣಿಗೆ ಬಡಿಯದೆ ಪಕ್ಕಕ್ಕೆ ಹೋಗಲಿ ಅಂತ ಬೋಲ್ಟಿನಲ್ಲಿ ತೂತುಗಳಿವೆ. ಉದ್ದನೆಯ ಪಂಜದ ಎಕ್ಸ್‌ಟ್ರಾಕ್ಟರ್ ತೋಟಾವನ್ನ ಮ್ಯಾಗಜಿನ್‌ನಿಂದ ಮೇಲೆದ್ದ ಕೂಡಲೇ ಹಿಡಿದುಕೊಳ್ಳುತ್ತೆ, ಆಚೆ ಎಸೆಯೋವರೆಗೂ ಬಿಡಲ್ಲ. ನಾನು ಮೊಂಟಾನಾದಲ್ಲಿ ಎಲ್ಕ್ ಬೇಟೆಗೆ ಇಂಥದ್ದೇ ತಗೊಂಡು ಹೋಗೋದು. ಹಿಮದಲ್ಲಿ ಕೈ ಮರಗಟ್ಟಿದಾಗ ಅರ್ಧಕ್ಕೇ ಬೋಲ್ಟ್ ಎಳೆದರೂ ಎರಡು ತೋಟಾ ಸಿಕ್ಕಿಕೊಳ್ಳಲ್ಲ.

ಉಜಿರೆ_ಮಾರಾಯ:
ಶಿಲ್ಪಕ್ಕ ಎಲ್ಕ್ ಹೊಡೀತಾರಾ! ನಾವಿಲ್ಲಿ ಕಾಸ್ಟ್‌ಕೋದಲ್ಲಿ ಕೋಳಿ ಹುಡುಕ್ತಾ ಇದ್ದೇವೆ ಮಾರಾಯ್ರೇ.

ಒಂದು ಪ್ರಶ್ನೆ. ನಾನು ಎಚ್-1ಬಿ ಮೇಲಿದ್ದೇನೆ. ಬರೀ ಆಕ್ಷನ್ ತಾನೇ, ನಳಿಗೆ ಇಲ್ಲ, ಅದನ್ನ ತಗೊಂಡು ಇಟ್ಟುಕೊಳ್ಳಬಹುದಲ್ಲ? ಬರೀ ಕಬ್ಬಿಣ ಅಲ್ವಾ?

ಶಿರಾ_ಶಿಲ್ಪ:
ಬರೀ ಕಬ್ಬಿಣ ಅಲ್ಲ. ಇಲ್ಲಿನ ಕಾನೂನಿನಲ್ಲಿ ರಿಸೀವರ್ ಅಂದರೇನೇ ಬಂದೂಕು. ನಳಿಗೆ ಬೇಕಾದರೆ ಅಂಚೆಯಲ್ಲಿ ಮನೆಗೆ ತರಿಸಿಕೊಳ್ಳಬಹುದು, ರಿಸೀವರ್ ಹಾಗಲ್ಲ. ಲೈಸನ್ಸ್ ಇರುವ ಡೀಲರ್ ಹತ್ತಿರ ಬರಬೇಕು, 4473 ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು.

ಎಚ್-1ಬಿ ಥರದ ನಾನ್-ಇಮಿಗ್ರೆಂಟ್ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸನ್ಸ್ ಚಾಲ್ತಿಯಲ್ಲಿರುವುದು ಅದರಲ್ಲೊಂದು. ಲೈಸನ್ಸ್ ಅವಧಿ ಮುಗಿದ ಮಾರನೇ ದಿನ ರೈಫಲ್ ಕಪಾಟಿನಲ್ಲೇ ಇದ್ದರೆ ಅಪರಾಧ. ವಕೀಲರನ್ನ ಕೇಳಿ, ನನ್ನ ಮಾತು ನಂಬಿ ವೀಸಾ ಕಳೆದುಕೊಳ್ಳಬೇಡಿ.

ಉಜಿರೆ_ಮಾರಾಯ:
ಅಯ್ಯೋ ಬೇಡಪ್ಪ. ಕೋಳಿಯೇ ಸಾಕು.

ಹಳೇಸರಕು:
ಇನ್ನೊಂದು ಸೇರಿಸುತ್ತೇನೆ. ನನ್ನ ಹತ್ತಿರ ಹಳೇ ಬಂದೂಕು ಸಂಗ್ರಹಿಸುವವರಿಗೆ ಕೊಡುವ ಕ್ಯೂರಿಯೋ ಅಂಡ್ ರೆಲಿಕ್ ಲೈಸನ್ಸ್ ಇದೆ. 50 ವರ್ಷ ಮೀರಿದ ರೈಫಲ್‌ಗಳು ನೇರ ಮನೆಗೇ ಬರುತ್ತವೆ. ಆದರೆ ಅದು ಮೂಲರೂಪದಲ್ಲಿರಬೇಕು. ಬಿಚ್ಚಿಟ್ಟ ಬರೀ ಆಕ್ಷನ್‌ಗೆ, ಯಾರೋ ಕತ್ತರಿಸಿ ಹೊಸ ನಳಿಗೆ ಹಾಕಿದ್ದಕ್ಕೆ ಈ ಲೈಸನ್ಸ್ ನಡೆಯಲ್ಲ. ಸರ್ಕಾರಕ್ಕೂ ಗೊತ್ತು, ಕತ್ತರಿಸಿದ ಮೇಲೆ ಅದು ಚರಿತ್ರೆ ಅಲ್ಲ ಅಂತ.

ಮಂಡ್ಯ_ಇನ್_ಮಿನಸೋಟ:
ಹಳೇಸರಕಣ್ಣ, ನಿಮಗೆ ಇದೇ ಒಂದು ಹಾಡು. ಲಕ್ಷಗಟ್ಟಲೆ ಮಾಡಿದ ರೈಫಲ್, ಒಂದು ಕತ್ತರಿಸಿದರೆ ಭೂಮಿ ಬಾಯಿ ಬಿಡುತ್ತಾ?

ಹಳೇಸರಕು:
ಐವತ್ತರ, ಅರವತ್ತರ ದಶಕದಲ್ಲೂ ಎಲ್ಲರೂ ಇದನ್ನೇ ಹೇಳಿದರು. ಆಗ ಯುರೋಪಿನಿಂದ ಹಡಗುಗಟ್ಟಲೆ ಬರುತ್ತಿತ್ತು. ಪತ್ರಿಕೆಯ ಜಾಹೀರಾತು ನೋಡಿ ಅಂಚೆಯಲ್ಲಿ ತರಿಸುತ್ತಿದ್ದರು. ಕೆನಡಿಯನ್ನ ಕೊಂದ ಇಟಲಿಯ ಕಾರ್ಕಾನೊ ರೈಫಲ್ ಕೂಡ ಹಾಗೆ ಅಂಚೆಯಲ್ಲಿ ಬಂದಿದ್ದೇ, ಸ್ಕೋಪ್ ಸೇರಿ 19 ಡಾಲರ್ 95 ಸೆಂಟ್. ಅದೇ ಕಾರಣಕ್ಕೆ 1968ರ ಕಾನೂನು ಬಂತು, ಅಂಚೆ ಮಾರಾಟ ನಿಂತಿತು, ಮಿಲಿಟರಿ ರೈಫಲ್‌ಗಳ ಆಮದೂ ನಿಂತಿತು. ಎಂಬತ್ತರ ದಶಕದಲ್ಲಿ ಹಳೆಯವಕ್ಕೆ ಮತ್ತೆ ಬಾಗಿಲು ತೆರೆದರು.

ಆ ಕಾಲದಲ್ಲಿ ಜಿ33/40 ಅಂತ ಜರ್ಮನ್ ಪರ್ವತ ಪಡೆಯ ರೈಫಲ್ ಇತ್ತು. ಸಣ್ಣ ಉಂಗುರ, ಹಗುರ, ಬ್ರ್ನೋದಲ್ಲೇ ಮಾಡಿದ್ದು. ಗನ್‌ಸ್ಮಿತ್‌ಗಳಿಗೆ ಬಹಳ ಇಷ್ಟ. ಸಿಕ್ಕಿದ್ದನ್ನೆಲ್ಲ ಕತ್ತರಿಸಿದರು. ಇವತ್ತು ಪೂರ್ತಿ ಇರುವ ಒಂದು ತಗೊಳ್ಳೋಕೆ ಹೋಗಿ ನೋಡಿ, ಬೆಲೆ ಕೇಳಿ ವಾಪಸ್ ಬರುತ್ತೀರಿ. ಅರ್ಜೆಂಟೀನಾದ 1909 ಕೂಡ ಅಷ್ಟೇ. ಟ್ರಿಗರ್ ಗಾರ್ಡಿನಲ್ಲೇ ಬಟನ್ ಇರುವ ಕೀಲಿನ ತಳ ಅದರಲ್ಲಿ ಇರುತ್ತೆ. ಆ ಒಂದು ತಳದ ಆಸೆಗೆ ಎಷ್ಟು ರೈಫಲ್ ಹಾಳಾದವೋ.

ಶಿರಾ_ಶಿಲ್ಪ:
ಹಳೇಸರಕು ಅವರು ಹೇಳೋದರಲ್ಲಿ ಅರ್ಧ ಒಪ್ಪುತ್ತೇನೆ. ಅದಕ್ಕೇ ನಾನು ಹೇಳೋದು, ಈಗಾಗಲೇ ಕತ್ತರಿಸಿರೋದನ್ನೇ ತಗೊಳ್ಳಿ. ಐವತ್ತರ ದಶಕದ ಅಜ್ಜಂದಿರು ಸಾವಿರಾರು ಕತ್ತರಿಸಿ ಹೋಗಿದ್ದಾರೆ. ಮೊಮ್ಮಕ್ಕಳಿಗೆ ಬೇಡ, ಗಿರವಿ ಅಂಗಡಿಗಳಲ್ಲಿ ಧೂಳು ತಿನ್ನುತ್ತಾ ಇವೆ. ಸಂಗ್ರಹಕಾರರು ಮೂಸಿಯೂ ನೋಡಲ್ಲ, ಹಾಗಾಗಿ ಬೆಲೆ ಕಮ್ಮಿ. ಬೋಲ್ಟ್ ಹಿಡಿ, ತೂತು, ಕೆಲವೊಮ್ಮೆ ಒಳ್ಳೆ ಟ್ರಿಗರ್, ಇವು ಪುಕ್ಕಟೆ ಬಂದ ಹಾಗೆ.

ಲೆಕ್ಕದ_ಪುಸ್ತಕ:
ಈ ಮಾತಿಗೆ ನನ್ನ ಸಹಿ ಇದೆ. ಇಡೀ ಚರ್ಚೆಯಲ್ಲಿ ಲೆಕ್ಕ ಕೂಡುವ ದಾರಿ ಇದೊಂದೇ.

ಇನ್ನೂ ಒಂದು ಇದೆ. ಮಿಲಿಟರಿಯದ್ದೇ ಯಾಕೆ ಬೇಕು? ಬೆಲ್ಜಿಯಂನ ಎಫ್.ಎನ್. ಕಂಪನಿ ಯುದ್ಧದ ನಂತರ ಬೇಟೆಗೆ ಅಂತಲೇ 98 ಆಕ್ಷನ್ ಮಾಡಿತು. ಎಡಗಡೆ ಹೆಬ್ಬೆರಳಿಗೆ ಅಂತ ಬಿಟ್ಟ ಕಚ್ಚು ಇಲ್ಲ, ರಿಸೀವರಿನ ಹಿಂಭಾಗದ ಸೇತುವೆ ಮೇಲೆ ತೋಟಾ ತುಂಬುವ ಕ್ಲಿಪ್ಪಿನ ಉಬ್ಬು ಇಲ್ಲ. ಯುಗೊಸ್ಲಾವಿಯಾದ ಜಸ್ತಾವಾ ಮಾಡಿದ್ದು ಇಲ್ಲಿ ಇಂಟರ್‌ಆರ್ಮ್ಸ್ ಮಾರ್ಕ್ ಟೆನ್ ಅಂತ ಮಾರಾಟವಾಯಿತು. ಹಳೇ ಮಾರ್ಕ್ ಟೆನ್ ಒಂದು ಸಿಕ್ಕರೆ ಅರ್ಧ ಕೆಲಸ ಉಳಿಯಿತು.

ವಿರಾಜಪೇಟೆ_ವಾಸಿ:
ಎಲ್ಲರಿಗೂ ನಮಸ್ಕಾರ, ಊರಿನಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಕೋವಿ ಇದೆ, ಕೈಲ್ ಪೊಳ್ದ್ ದಿನ ಹೂವಿಟ್ಟು ಪೂಜೆ ಮಾಡುತ್ತೇವೆ. ನಮ್ಮ ಅಮೆರಿಕದ ಭಾವ ಹೀಗೆ ಒಂದು ಮೌಸರ್ ಮಾಡಿಸಿದ್ದಾರೆ. ಅದನ್ನ ಊರಿಗೆ ತಂದು ನನಗೆ ಕೊಡುತ್ತೇನೆ ಅಂತಾರೆ. ನಮಗೆ ಲೈಸನ್ಸ್ ವಿನಾಯಿತಿ ಇದೆಯಲ್ಲ, ಆಗುತ್ತಾ?

ಹಳೇಸರಕು:
ವಿನಾಯಿತಿ ಬೇರೆ, ಆಮದು ಬೇರೆ ಸ್ವಾಮಿ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರೋದು ಲೈಸನ್ಸ್ ಇಲ್ಲದೆ ಇಟ್ಟುಕೊಳ್ಳುವ ವಿನಾಯಿತಿ. ಬ್ರಿಟಿಷರ ಕಾಲದಿಂದ ಬಂದಿದ್ದು. 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಹೊರದೇಶದಿಂದ ರೈಫಲ್ ತರೋಕೆ ಅದು ಸಾಲಲ್ಲ. ಭಾರತದ ಆಯುಧ ಕಾಯ್ದೆಯಲ್ಲಿ ಬಿಡಿಭಾಗಗಳೂ ಆಯುಧವೇ. ಊರಿನ ಕಮ್ಮಾರನ ಹತ್ತಿರ ನಳಿಗೆ ಬದಲಾಯಿಸುತ್ತೇನೆ ಅಂದರೆ ಅದಕ್ಕೂ ಲೈಸನ್ಸ್ ಇರುವವನೇ ಬೇಕು. ಭಾವನಿಗೆ ಚಾಕೊಲೇಟ್ ತರೋಕೆ ಹೇಳಿ.

ವಿರಾಜಪೇಟೆ_ವಾಸಿ:
ಅವರು ತರುವ ಚಾಕೊಲೇಟ್ ಇಲ್ಲಿನ ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತೆ. ಸರಿ, ಅವರ ಹತ್ತಿರವೇ ಇರಲಿ.

ಅಂದ ಹಾಗೆ ನಮ್ಮ ದೇಶದಲ್ಲೂ ಇದೇ ಕಥೆ ಇದೆಯಲ್ಲ. ಇಲ್ಲಿ ಸಿಗುವ .315 ರೈಫಲ್, ಸರ್ಕಾರಿ ಕಾರ್ಖಾನೆಯದು, ಅದು ಹಳೇ .303 ಲೀ-ಎನ್‌ಫೀಲ್ಡ್ ಆಕ್ಷನ್ ತಾನೇ?

ಲೇತ್_ಮಾಸ್ತರ್:
ಹೌದು, ಅದೇ ವಂಶ. .303 ಮಿಲಿಟರಿ ಬೋರು ಅಂತ ಸಾಮಾನ್ಯರಿಗೆ ಕೊಡುತ್ತಿರಲಿಲ್ಲ. ಹಾಗಾಗಿ ಅದೇ ನಮೂನೆ ಆಕ್ಷನ್‌ಗೆ ಆಸ್ಟ್ರಿಯಾದ ಹಳೇ 8×50 ತೋಟಾ ಹೊಂದಿಸಿ ಕೊಟ್ಟರು. ಇಶಾಪುರದ ಕಾರ್ಖಾನೆ ಅರವತ್ತರ ದಶಕದಲ್ಲಿ 7.62 ತೋಟಾಕ್ಕೆ 2ಎ ಅಂತ ಒಂದು ಲೀ-ಎನ್‌ಫೀಲ್ಡ್ ಮಾಡಿತು. ಅದು ಹಳೇ .303 ಅನ್ನು ಮಾರ್ಪಡಿಸಿದ್ದಲ್ಲ, ಹೊಸದಾಗಿ ಗಟ್ಟಿ ಉಕ್ಕಿನಲ್ಲಿ ಮಾಡಿದ್ದು. ಇಲ್ಲಿ ಅಮೆರಿಕದಲ್ಲಿ ಅದಕ್ಕೆ ಅಭಿಮಾನಿಗಳಿದ್ದಾರೆ. ಆದರೆ ಲೀ-ಎನ್‌ಫೀಲ್ಡ್ ಲಗ್ಗುಗಳು ಬೋಲ್ಟಿನ ಹಿಂದಿರುತ್ತವೆ, ಮರವೂ ಎರಡು ತುಂಡು. ಸ್ಪೋರ್ಟರ್, ಅಂದರೆ ಬೇಟೆ ರೈಫಲ್, ಮಾಡೋಕೆ ಮೌಸರ್‌ನಷ್ಟು ಹಿಡಿಸಲ್ಲ.

ಈಗ ತಿಮ್ಮನ ತೂತುಗಳಿಗೆ ಬರೋಣ.

ಸ್ಕೋಪ್ ಕೂರಿಸುವ ಬೇಸಿನ ನಾಲ್ಕು ತೂತು ಒಂದೇ ಗೆರೆಯಲ್ಲಿ ಇರಬೇಕು. ಗೆರೆ ನಳಿಗೆಯ ನಡುಗೆರೆಗೆ ನೇರ ಇರಬೇಕು. ಮನೆಯಲ್ಲಿ ಕೈ ಡ್ರಿಲ್ ಹಿಡಿದು ಕೊರೆದವರದ್ದು ಸೊಟ್ಟ ಇರುತ್ತೆ. ಸ್ಕೋಪಿನ ಅಡ್ಜಸ್ಟ್‌ಮೆಂಟ್ ಪೂರ್ತಿ ಒಂದು ಕಡೆಗೆ ತಿರುಗಿಸಿದರೂ ಗುರಿ ಬರಲ್ಲ. ಒಂದು ಉದ್ದನೆಯ ಒಂದೇ ತುಂಡಿನ ಬೇಸು ತಗೊಂಡು ಹೋಗಿ ಮೇಲಿಟ್ಟು ನೋಡಿ. ನಾಲ್ಕು ತೂತೂ ಕಂಡರೆ ಅದೃಷ್ಟ. ತೂತಿನ ಒಳಗೆ ಮುರಿದ ಟ್ಯಾಪ್ (ತಿರುಪಿನ ಎಳೆ ಕೊರೆಯುವ ಉಪಕರಣ) ಇದೆಯಾ ನೋಡಿ. ಈ ಉಕ್ಕಿನ ಹೊರಮೈ ಗಟ್ಟಿ, ಟ್ಯಾಪ್ ಬೇಗ ಮುರಿಯುತ್ತೆ. ಕೆಲವರು ಮುರಿದ ತುಂಡಿನ ಮೇಲೆ ಪುಟ್ಟಿ ತುಂಬಿ ಬಣ್ಣ ಬಳಿದು ಮಾರುತ್ತಾರೆ.

ಬೋಲ್ಟ್ ಹಿಡಿ ಬಗ್ಗಿಸುವಾಗ ಎಷ್ಟು ಬಿಸಿ ಮಾಡಿದ್ದಾರೆ ಅನ್ನೋದು ಮುಖ್ಯ. ಬಿಸಿ ಮುಂದಕ್ಕೆ ಹರಿದರೆ ಲಗ್ಗಿನ ಹದ ಹೋಗುತ್ತೆ. ಹಿಂದಕ್ಕೆ ಹರಿದರೆ ಸ್ಪ್ರಿಂಗ್ ಎಳೆಯುವ ಇಳಿಜಾರು ಮೆತ್ತಗಾಗಿ ಸವೆಯುತ್ತೆ, ಬೋಲ್ಟ್ ಎತ್ತೋದು ಕಷ್ಟ ಆಗುತ್ತೆ. ಆ ಇಳಿಜಾರಿನಲ್ಲಿ ಗೀರು, ಕಿತ್ತ ಗುರುತು ಇದ್ದರೆ ಬೇರೆ ಬೋಲ್ಟ್ ಬೇಕು ಅಂತ ಲೆಕ್ಕ ಹಾಕಿ.

ಮರ ಬಿಚ್ಚಿಸಿ ನೋಡಿ. ಮಾರುವವನು ಬಿಚ್ಚೋಕೆ ಬಿಡಲ್ಲ ಅಂದರೆ ಮುಂದಿನ ಮೇಜಿಗೆ ಹೋಗಿ. ತುಕ್ಕು ಯಾವಾಗಲೂ ಮರದ ಗೆರೆಯ ಕೆಳಗೇ ಅಡಗಿರೋದು.

ಟೆಕ್ಸಾಸ್_ತಿಮ್ಮ:
ಉಕ್ಕು ಮೆತ್ತಗಿದೆಯಾ ಅಂತ ಹೇಗೆ ತಿಳಿಯೋದು? ಇಲ್ಲಿ ಒಬ್ಬ ಗಡಸು ಅಳೆಯುವ ರಾಕ್‌ವೆಲ್ ಟೆಸ್ಟ್ ಮಾಡಿಸು ಅಂದ.

ಲೇತ್_ಮಾಸ್ತರ್:
ಮಾಡಿಸಬಹುದು, ಆದರೆ ಸಾಮಾನ್ಯ ರಾಕ್‌ವೆಲ್ ಸಿ ಓದು ಇಲ್ಲಿ ಮೋಸ ಮಾಡುತ್ತೆ. ಹಳೇ 98ರದ್ದು ಕಡಿಮೆ ಕಾರ್ಬನ್ ಉಕ್ಕು, ಮೇಲೆ ತೆಳು ಗಟ್ಟಿ ಪದರ, ಒಳಗೆ ಮೆತ್ತಗಿನ ತಿರುಳು. ಬೇಕಂತಲೇ ಹಾಗೆ ಮಾಡಿದ್ದು. ಹೆಚ್ಚು ಒತ್ತಡ ಬಂದರೆ ಚೂರಾಗದೆ ಬಗ್ಗಲಿ ಅಂತ. ಸಿ ಮೊನೆ ಆ ಪದರವನ್ನ ಚುಚ್ಚಿಕೊಂಡು ಒಳಗೆ ಹೋಗಿ ತಿರುಳಿನ ಗಡಸನ್ನ ಓದುತ್ತೆ. ತೆಳು ಪದರಕ್ಕೆ ಕಡಿಮೆ ಭಾರದ ಬೇರೆ ಸ್ಕೇಲ್ ಇದೆ, ಅದು ಗೊತ್ತಿರುವವರ ಹತ್ತಿರ ಹೋಗಬೇಕು.

ಸುಲಭದ ದಾರಿ ಹೆಡ್‌ಸ್ಪೇಸ್ ಗೇಜ್. ಬೋಲ್ಟ್ ಮುಚ್ಚಿದಾಗ ತೋಟಾಕ್ಕೆ ಸರಿಯಾದ ಜಾಗ ಇದೆಯಾ ಅಂತ ಅಳೆಯುವ, ತೋಟಾ ಆಕಾರದ ಎರಡು ಅಳತೆ ತುಂಡು. 'ಗೋ' ಮೇಲೆ ಬೋಲ್ಟ್ ಮುಚ್ಚಬೇಕು, 'ನೋ-ಗೋ' ಮೇಲೆ ಮುಚ್ಚಬಾರದು. ರಿಸೀವರಿನ ಒಳಗೆ ಲಗ್ಗು ಕೂರುವ ಜಾಗದಲ್ಲಿ ಹಳ್ಳ ಬಿದ್ದಿದ್ದರೆ ಅಂಥ ಆಕ್ಷನ್ ಬೇಡ. ಬೋಲ್ಟ್ ಎತ್ತುವಾಗ ಒಂದು ಮೆಟ್ಟಿಲು ಹತ್ತಿದ ಹಾಗೆ ತಡೆ ಸಿಕ್ಕರೆ ಅನುಮಾನ ಪಡಿ. ಇನ್ನೊಂದು: ಲಗ್ಗು ಎರಡೂ ಸಮ ಕೂರಲಿ ಅಂತ ಉಜ್ಜಿ ಉಜ್ಜಿ ಕೂರಿಸುವವರಿದ್ದಾರೆ. ಜಾಸ್ತಿ ಉಜ್ಜಿದರೆ ಆ ಗಟ್ಟಿ ಪದರವೇ ಹೋಗಿಬಿಡುತ್ತೆ.

ಮಂಡ್ಯ_ಇನ್_ಮಿನಸೋಟ:
ಮಾಸ್ತರೇ, ನಮ್ಮ ಪಕ್ಕದ ಮನೆ ಅಮೆರಿಕನ್ ಅಜ್ಜ ಒಂದು ಸ್ಪ್ರಿಂಗ್‌ಫೀಲ್ಡ್ 1903 ಆಕ್ಷನ್ ಕೊಡ್ತೀನಿ ಅಂತಾ ಇದ್ದಾನೆ, ಹೆಚ್ಚುಕಮ್ಮಿ ಪುಕ್ಕಟೆ. ಅದೂ ಮೌಸರ್ ಥರಾನೇ ಅಲ್ವಾ? .30-06 ಅದರ ಹುಟ್ಟು ತೋಟಾ ಬೇರೆ.

ಲೇತ್_ಮಾಸ್ತರ್:
ಸೀರಿಯಲ್ ನಂಬರ್ ಎಷ್ಟು? ಅದು ಗೊತ್ತಾಗೋವರೆಗೆ ಏನೂ ಮಾಡಬೇಡಿ.

ಮಂಡ್ಯ_ಇನ್_ಮಿನಸೋಟ:
ಈಗಷ್ಟೇ ಹೋಗಿ ನೋಡಿ ಬಂದೆ. ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಅಂತ ಇದೆ, ನಂಬರ್ ಆರು ಲಕ್ಷ ಚಿಲ್ಲರೆ.

ಲೇತ್_ಮಾಸ್ತರ್:
ಗೋಡೆಗೆ ನೇತುಹಾಕಿ. ಹೊಡೆಯಬೇಡಿ.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ 8,00,000ಕ್ಕಿಂತ ಕೆಳಗಿನ ನಂಬರ್, ರಾಕ್ ಐಲೆಂಡ್‌ನಲ್ಲಿ 2,85,507ಕ್ಕಿಂತ ಕೆಳಗಿನ ನಂಬರ್, ಇವಕ್ಕೆ 'ಲೋ ನಂಬರ್' ಅಂತಾರೆ. ಕುಲುಮೆಯಲ್ಲಿ ಉಕ್ಕು ಎಷ್ಟು ಕಾದಿದೆ ಅಂತ ಕೆಲಸಗಾರರು ಬಣ್ಣ ನೋಡಿ ಕಣ್ಣಳತೆಯಲ್ಲೇ ಹೇಳುತ್ತಿದ್ದರು. ಬಿಸಿಲಿನ ದಿನ ಒಂದು ಥರ ಕಾಣುತ್ತೆ, ಮೋಡ ಇದ್ದ ದಿನ ಇನ್ನೊಂದು ಥರ. ಬಿಸಿಲಿನಲ್ಲಿ ಸಾಲದು ಅಂತ ಜಾಸ್ತಿ ಕಾಯಿಸಿದ ರಿಸೀವರುಗಳು ಗಾಜಿನಂತಾದವು. ಕೆಲವು ಒಡೆದು ಸಿಡಿದ ಮೇಲೆ 1918ರಲ್ಲಿ ವಿಧಾನ ಬದಲಾಯಿಸಿದರು. ಹಳೆಯದರಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ಹೊರಗಿಂದ ಹೇಳೋಕಾಗಲ್ಲ. ಮತ್ತೆ ಹದ ಮಾಡಿದರೂ ಸರಿಹೋಗಲ್ಲ.

ಟೂಲ್‌ರೂಮಿನಲ್ಲಿ ನಮ್ಮ ಹಿರಿಯರೂ ಬಣ್ಣ ನೋಡಿಯೇ ಹದ ಹೇಳುತ್ತಿದ್ದರು. ಆದರೆ ಅದು ಉಳಿ, ಪಂಚು ಮಾಡೋಕೆ. ಕೆನ್ನೆ ಪಕ್ಕ ಇಟ್ಟು ಸಿಡಿಸೋಕಲ್ಲ.

ಮಂಡ್ಯ_ಇನ್_ಮಿನಸೋಟ:
ಅಜ್ಜ ನಲವತ್ತು ವರ್ಷದಿಂದ ಹೊಡೀತಾ ಇದ್ದಾನಂತೆ, ಏನೂ ಆಗಿಲ್ಲವಂತೆ.

ಲೇತ್_ಮಾಸ್ತರ್:
ಹೆಲ್ಮೆಟ್ ಹಾಕದೆ ನಲವತ್ತು ವರ್ಷ ಸ್ಕೂಟರ್ ಓಡಿಸಿದವರೂ ಇದ್ದಾರೆ.

ಸುಮ್ನೆ_ಓದೋನು:
ಅಂತೂ ಬೈಕ್ ವಿಷಯ ಬಂತು.

ವಿರಾಜಪೇಟೆ_ವಾಸಿ:
ಭಾವನನ್ನ ಕೇಳಿದೆ. ಅವರದ್ದು ಸ್ವೀಡನ್‌ನ 96 ಅಂತೆ. "98ಕ್ಕೂ 96ಕ್ಕೂ ಬರೀ ಎರಡು ವರ್ಷದ ವ್ಯತ್ಯಾಸ" ಅಂತಾರೆ. .308 ನಳಿಗೆ ಹಾಕಿಸಿದ್ದಾರಂತೆ.

ಶಿರಾ_ಶಿಲ್ಪ:
ವರ್ಷ ಎರಡೇ, ವ್ಯತ್ಯಾಸ ಬಹಳ. 96ರಲ್ಲಿ ಮೂರನೇ ಲಗ್ಗು ಇಲ್ಲ. ನಳಿಗೆಯ ಹಿಂಬದಿಯನ್ನ ಸುತ್ತುವರಿಯುವ ಒಳ ಉಂಗುರ ಇಲ್ಲ. ಗಾಳಿ ಹೊರಹೋಗುವ ದಾರಿಯೂ 98ರಷ್ಟು ಚೆನ್ನಾಗಿಲ್ಲ. ಬೋಲ್ಟ್ ಮುಚ್ಚುವಾಗ ಸ್ಪ್ರಿಂಗ್ ಎಳೆಯುತ್ತೆ, 98ರಲ್ಲಿ ಎತ್ತುವಾಗ. ಸ್ವೀಡನ್‌ನವರ ಕೆಲಸ ಅಚ್ಚುಕಟ್ಟು, 6.5×55ನಲ್ಲಿ ಅದನ್ನ ಮೀರಿಸೋದು ಕಷ್ಟ. ಅದರಲ್ಲೇ ಬಿಡಬೇಕಿತ್ತು.

ಲೆಕ್ಕದ_ಪುಸ್ತಕ:
ಸ್ಪೇನ್ ಸೈನ್ಯವೇ ಹಳೇ ಸಣ್ಣ ಉಂಗುರದ ಮೌಸರ್‌ಗೆ 7.62 ನಳಿಗೆ ಹಾಕಿ ಎಫ್.ಆರ್.-7 ಅಂತ ಮಾಡಲಿಲ್ವಾ? ಅವು ಸಿಡಿದವಾ?

ಶಿರಾ_ಶಿಲ್ಪ:
ಮಾಡಿತು. ಅದರ ಜೊತೆಗೇ 98 ಆಕ್ಷನ್ ಮೇಲೆ ಎಫ್.ಆರ್.-8 ಕೂಡ ಮಾಡಿತು. ಎರಡರಲ್ಲಿ ಯಾವುದಕ್ಕೆ ಜನ ಜಾಸ್ತಿ ದುಡ್ಡು ಕೊಡ್ತಾರೆ ನೋಡಿ, ಉತ್ತರ ಅಲ್ಲೇ ಇದೆ. ಸೈನ್ಯಕ್ಕೆ ಅಂದು ಬೇಕಿದ್ದದ್ದು ಕೈಗೆ ಏನಾದರೂ ಕೊಡೋದು. ನಮಗೆ ಆ ಅವಸರ ಇಲ್ಲ. ಬೇಟೆಗೆ ಅಂತ ಅಂಗಡಿಯಲ್ಲಿ ಸಿಗುವ .308 ಖಾರವೂ ಜಾಸ್ತಿ ಇರುತ್ತೆ.

ಲೆಕ್ಕದ_ಪುಸ್ತಕ:
ಅಂದರೆ ಸಿಡಿದವು ಅಂತ ಹೇಳ್ತಾ ಇಲ್ಲ ನೀವು.

ಶಿರಾ_ಶಿಲ್ಪ:
ನಿಮ್ಮ ಕಣ್ಣು, ನಿಮ್ಮ ಇಷ್ಟ.

ಉಜಿರೆ_ಮಾರಾಯ:
ಕೋವಿ ವಿಷಯ ಬಂದದ್ದಕ್ಕೆ ಕೇಳುತ್ತೇನೆ. ನಮ್ಮ ಅಜ್ಜನ ಮನೆಯಲ್ಲಿ ಕೇಪಿನ ಕೋವಿ ಇತ್ತು, ತೋಟಕ್ಕೆ ಬರುವ ಮಂಗ ಓಡಿಸಲಿಕ್ಕೆ. ಅಜ್ಜ ಯಾವಾಗಲೂ ಶಿಕಾರಿ ಕಥೆ ಹೇಳುತ್ತಿದ್ದರು. ಕೆನೆತ್ ಆಂಡರ್ಸನ್ ಹತ್ತಿರ ಇದ್ದದ್ದು ಈ ಮೌಸರೇ ಅಲ್ವಾ?

ಹಳೇಸರಕು:
ಅಲ್ಲ. ಬೆಂಗಳೂರಿನ ಆಂಡರ್ಸನ್ ಹೆಸರಾಗಿದ್ದು .405 ವಿಂಚೆಸ್ಟರ್‌ಗೆ. ಅದು 1895ರ ಮಾದರಿ, ಕೆಳಗಿನ ಲಿವರ್ ಎಳೆದು ತೋಟಾ ಬದಲಾಯಿಸೋದು. ಮೌಸರ್ ಇದ್ದದ್ದು ಜಿಮ್ ಕಾರ್ಬೆಟ್ ಹತ್ತಿರ. 1907ರಲ್ಲಿ ಚಂಪಾವತ್‌ನ ಹುಲಿ ಹೊಡೆದದ್ದಕ್ಕೆ ಸರ್ಕಾರದ ಕಡೆಯಿಂದ ಬಹುಮಾನವಾಗಿ ಬಂದ .275 ರಿಗ್ಬಿ. ರಿಗ್ಬಿ ಲಂಡನ್ ಕಂಪನಿ, ಆಕ್ಷನ್ ಮಾತ್ರ ಜರ್ಮನಿಯ ಮೌಸರ್. .275 ಅಂದರೆ ಬೇರೇನಲ್ಲ, 7×57 ತೋಟಾಕ್ಕೆ ಇಂಗ್ಲಿಷರು ಇಟ್ಟ ಹೆಸರು.

ತಿಮ್ಮ ಅವರೇ, ಆ ರೈಫಲ್ ಮಾದರಿಯಲ್ಲಿ ಮಾಡಿಸೋದಾದರೆ ನಾನೂ ಬೈಯಲ್ಲ. ಕತ್ತರಿಸಿದ್ದನ್ನೇ ತಗೊಂಡು ಮಾಡಿಸಿ, ಅಷ್ಟೇ.

ಟೆಕ್ಸಾಸ್_ತಿಮ್ಮ:
7×57! ಅದು ತಲೆಗೇ ಬಂದಿರಲಿಲ್ಲ. ಬೋಲ್ಟ್ ಬದಲಾಯಿಸಬೇಕಾ?

ಶಿರಾ_ಶಿಲ್ಪ:
ಬೇಡ. 8×57, 7×57, .308, .270, .30-06, ಇವುಗಳೆಲ್ಲದರ ಹಿಂಬದಿ ಅಳತೆ ಒಂದೇ, .473 ಇಂಚಿನ ಆಸುಪಾಸು. 9.3×62 ಕೂಡ ಅದೇ. ಬರ್ಲಿನ್‌ನ ಗನ್‌ಸ್ಮಿತ್ ಆಟೊ ಬಾಕ್ 1905ರಲ್ಲಿ ಅದನ್ನ ಮಾಡಿದ್ದೇ ಈ ಆಕ್ಷನ್‌ನಲ್ಲಿ ಕೂರಲಿ ಅಂತ. ಆಫ್ರಿಕಾಕ್ಕೆ ಹೋಗುವ ರೈತರಿಗೆ ಅಗ್ಗದಲ್ಲಿ ದೊಡ್ಡ ಪ್ರಾಣಿಯ ರೈಫಲ್ ಸಿಕ್ಕಿತು. ಟೆಕ್ಸಾಸ್ ಹಂದಿಗೆ ಅತಿಯಾಯಿತು, ಆದರೆ ಯಾರು ಕೇಳ್ತಾರೆ.

.375 ಮ್ಯಾಗ್ನಮ್ ಮಾತ್ರ ಇದರಲ್ಲಿ ಬೇಡ. ಅದಕ್ಕೆ ಉದ್ದ ಸಾಲಲ್ಲ. ಅಂಥದ್ದು ಬೇಕು ಅಂದರೆ 1917ರ ಅಮೆರಿಕನ್ ಎನ್‌ಫೀಲ್ಡ್ ನೋಡಿ, ದೊಡ್ಡ ಆಕ್ಷನ್.

ಲೇತ್_ಮಾಸ್ತರ್:
1917 ತಗೊಳ್ಳುವವರು ಎಡ್ಡಿಸ್ಟೋನ್ ಕಾರ್ಖಾನೆಯದ್ದಾದರೆ ಹುಷಾರು. ನಳಿಗೆಯನ್ನ ವಿಪರೀತ ಬಿಗಿದಿದ್ದಾರೆ. ಬಲ ಹಾಕಿ ಬಿಚ್ಚಿದರೆ ರಿಸೀವರ್ ಸಣ್ಣಗೆ ಬಿರುಕು ಬಿಡುತ್ತೆ, ಕಣ್ಣಿಗೆ ಕಾಣಲ್ಲ. ಲೇತ್ ಮೇಲಿಟ್ಟು ರಿಸೀವರಿಗೆ ಒತ್ತಿದ ನಳಿಗೆಯ ಭುಜವನ್ನ ಮೊದಲು ತೆಳು ಕಚ್ಚು ತೆಗೆದು ಸಡಿಲ ಮಾಡಬೇಕು, ಆಮೇಲೆ ಕೈಬಲಕ್ಕೇ ಬರುತ್ತೆ. ನಳಿಗೆ ಹೋಗುತ್ತೆ, ರಿಸೀವರ್ ಉಳಿಯುತ್ತೆ. ಬಿಚ್ಚಿದ ಮೇಲೆ ಬಿರುಕು ಹುಡುಕುವ ಮ್ಯಾಗ್ನೆಟಿಕ್ ಟೆಸ್ಟ್ ಮಾಡಿಸಿ.

ಟೆಕ್ಸಾಸ್_ತಿಮ್ಮ:
ಅಪ್‌ಡೇಟ್: ಗನ್ ಶೋ ಅಜ್ಜನ ಮನೆಗೇ ಹೋಗಿದ್ದೆ, ಮರ ಬಿಚ್ಚೋಕೆ ಬಿಟ್ಟ. ವಿ.ಜೆಡ್.24 ಒಳಗೆ ತುಕ್ಕು ಇಲ್ಲ, ಉಂಗುರ 1.410. ಬೇಸು ಇಟ್ಟು ನೋಡಿದೆ, ಮೂರು ತೂತು ಸರಿ ಇವೆ. ಹಿಂದಿನ ಒಂದು ತೂತು ಕೂದಲೆಳೆಯಷ್ಟು ಎಡಕ್ಕೆ. ನಳಿಗೆ ಹಳೇ 8×57 ಮಿಲಿಟರಿಯದ್ದೇ, ಮೂತಿ ಕತ್ತರಿಸಿದ್ದಾರೆ. ಟ್ರಿಗರ್ ಟಿಮ್ನಿ ಕಂಪನಿಯದ್ದು! ಸೇಫ್ಟಿ ಮಾತ್ರ ಬೋಲ್ಟಿನ ಹಿಂದೆ ಮೇಲಕ್ಕೆ ನಿಲ್ಲುವ ಹಳೇ ಬಾವುಟದಂಥದ್ದು, ಸ್ಕೋಪ್ ಹಾಕಿದರೆ ತಿರುಗಲ್ಲ. ಆ ತೂತು ತೋರಿಸಿ ಸ್ವಲ್ಪ ಚೌಕಾಸಿ ಮಾಡಿದೆ, ಅಜ್ಜ ಇಳಿಸಿದ. ಡೀಲರ್ ಮೂಲಕ ಕಾಗದ ಮಾಡಿಸಿ ತಗೊಂಡೆ.

ಲೇತ್_ಮಾಸ್ತರ್:
ಒಳ್ಳೇದು. ಸೊಟ್ಟ ತೂತನ್ನ ಒಂದು ಸೈಜ್ ದೊಡ್ಡ ಮಾಡಿ ನೇರ ಮಾಡಬಹುದು, ಅದು ಹಿಂದಿನ ಸೇತುವೆ, ಒತ್ತಡದ ಜಾಗ ಅಲ್ಲ. ಬಾವುಟದ ಜಾಗಕ್ಕೆ ಪಕ್ಕಕ್ಕೆ ತಿರುಗುವ ಮೂರು ಹಂತದ ಸೇಫ್ಟಿ ಸಿಗುತ್ತೆ. ದುಡ್ಡು ಜಾಸ್ತಿ, ಆದರೆ ಅದು ತೋಟಾಕ್ಕೆ ಬಡಿಯುವ ಸ್ಟ್ರೈಕರನ್ನೇ ತಡೆಯುತ್ತೆ, ಬರೀ ಟ್ರಿಗರನ್ನಲ್ಲ. ಹಾಕಿಸಿ.

7×57 ನಳಿಗೆ ತರಿಸುವಾಗ 'ಶಾರ್ಟ್ ಚೇಂಬರ್' ಅಂತ ಬರೆದಿರುತ್ತೆ. ಅಂದರೆ ಕೊನೆಯ ಸ್ವಲ್ಪ ಕೊರೆತ ನಿಮ್ಮ ಆಕ್ಷನ್‌ಗೆ ಹೊಂದಿಸಿ ಗನ್‌ಸ್ಮಿತ್ ಮಾಡಬೇಕು. ತಿರುಗಿಸಿ ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ.

ಲೆಕ್ಕದ_ಪುಸ್ತಕ:
ಹೊಸ ನಳಿಗೆ ಯಾಕೆ ಈಗಲೇ? ಇರೋ 8×57 ಹೊಡೆದು ನೋಡಲಿ ಮೊದಲು. ಜಿಂಕೆಗೆ 8 ಮಿ.ಮೀ. ತೂರಿದ್ದಾ, 7 ಮಿ.ಮೀ. ತೂರಿದ್ದಾ ಅಂತ ಗೊತ್ತಾಗುತ್ತಾ?

ಹಳೇಸರಕು:
ಇದೊಂದು ಬಾರಿ ಲೆಕ್ಕದವರ ಜೊತೆ ಇದ್ದೇನೆ. ಆದರೆ ಹಳೇ ಮಿಲಿಟರಿ ತೋಟಾ ಹೊಡೆಯೋದಾದರೆ ಅದರ ಪ್ರೈಮರ್‌ನಲ್ಲಿ (ಕಿಡಿ ಹೊತ್ತಿಸುವ ಹಿಂಬದಿಯ ಪುಟ್ಟ ಕೇಪು) ಉಪ್ಪಿನಂಶ ಇರುತ್ತೆ, ಎಣ್ಣೆಗೆ ಹೋಗಲ್ಲ. ಅವತ್ತೇ ಸಂಜೆ ಬಿಸಿನೀರು ಹಾಕಿ ತೊಳೆದು, ಒರೆಸಿ, ಆಮೇಲೆ ಎಣ್ಣೆ. ಒಂದು ರಾತ್ರಿ ಬಿಟ್ಟರೆ ನಳಿಗೆ ಕೆಂಪಗಾಗಿರುತ್ತೆ.

ಟೆಕ್ಸಾಸ್_ತಿಮ್ಮ:
ಸರಿ, ಮೊದಲು ಗೇಜ್ ತರಿಸಿ ನೋಡುತ್ತೇನೆ, ಆಮೇಲೆ ಹೊಸ ತೋಟಾ ಹಾಕಿ 8×57ನಲ್ಲೇ ಹೊಡೆಯುತ್ತೇನೆ. ಮರದ ಕೆಲಸ ನಾನೇ ಶುರು ಮಾಡಬಹುದಾ? ವಾಲ್‌ನಟ್‌ನ ಅರೆಬರೆ ಕೆತ್ತಿದ ಸ್ಟಾಕ್ ಸಿಗುತ್ತೆ ಅಂತಾರೆ.

ಶಿರಾ_ಶಿಲ್ಪ:
ಮಾಡಿ, ಅದೊಂದು ಮನೆಯಲ್ಲೇ ಮಾಡಬಹುದಾದ ಕೆಲಸ. ಲೋಹಕ್ಕೆ ದೀಪದ ಮಸಿ ಬಳಿದು ಮರದೊಳಗೆ ಇಟ್ಟು ತೆಗೆದು, ಕಪ್ಪಾದ ಜಾಗ ಮಾತ್ರ ಕೆರೆಯಿರಿ. ಹಿಂದೇಟು ಬೀಳುವ ರಿಕಾಯಿಲ್ ಲಗ್ಗಿನ ಹಿಂದೆ ಮರ ಪೂರ್ತಿ ತಾಗಬೇಕು, ರಿಸೀವರಿನ ಬಾಲದ ಹಿಂದೆ ಕೂದಲಷ್ಟು ಸಂದು ಬಿಡಬೇಕು. ಬಿಡದಿದ್ದರೆ ಮೊದಲ ಡಬ್ಬಿ ತೋಟಾ ಮುಗಿಯೋದರೊಳಗೆ ಮಣಿಕಟ್ಟಿನ ಹತ್ತಿರ ಸೀಳುತ್ತೆ.

ಮಂಡ್ಯ_ಇನ್_ಮಿನಸೋಟ:
ದೀಪದ ಮಸಿ ಅಂದರೆ ದೇವರ ದೀಪದ್ದೇ ನಡೆಯುತ್ತಾ?

ಶಿರಾ_ಶಿಲ್ಪ:
ಸೀಮೆಎಣ್ಣೆ ಬುಡ್ಡಿಯದ್ದು ಇನ್ನೂ ಚೆನ್ನಾಗಿ ಹಿಡಿಯುತ್ತೆ. ಹೆಂಡತಿ ಮನೆಯಲ್ಲಿಲ್ಲದಾಗ ಮಾಡಲಿ.